ಗ್ಯಾಪ್ ಅಪ್ ಆದ ಷೇರು 9:15ಕ್ಕೆ ಕೊಂಡ ಕೂಡಲೇ ಇಳಿಯುವುದೇಕೆ?

ಪ್ರಶ್ನೆ: ಮನೆ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಬೆಳಿಗ್ಗೆ ಮೆಟ್ರೋದಲ್ಲಿ ಕೂತು ಫೋನಿನಲ್ಲೇ ಇಂಟ್ರಾಡೇ, ಅಂದರೆ ಅದೇ ದಿನ ಕೊಂಡು ಮಾರುವ ವ್ಯಾಪಾರ, ಮಾಡುತ್ತೇನೆ. ಅಕೌಂಟಿನಲ್ಲಿ ಒಂದು ಲಕ್ಷ ರೂಪಾಯಿ ಇದೆ, ಬ್ರೋಕರ್ ಐದು ಪಟ್ಟು ಮಾರ್ಜಿನ್ ಕೊಡುತ್ತಾರೆ, ಅಂದರೆ ಐದು ಲಕ್ಷದವರೆಗೆ ಕೊಳ್ಳಬಹುದು. ಹಿಂದಿನ ದಿನಕ್ಕಿಂತ ಶೇ 3–4ರಷ್ಟು ಮೇಲೆ ತೆರೆಯುವ (ಗ್ಯಾಪ್ ಅಪ್) ಷೇರುಗಳನ್ನು, ಪೇಟೆ ತೆರೆಯುವ 9:15ಕ್ಕೇ ಕೊಳ್ಳುತ್ತೇನೆ. ಎಷ್ಟೋ ಸಲ ಕೊಂಡ ಮರುಕ್ಷಣವೇ ಇಳಿಯಲು ಶುರುವಾಗುತ್ತದೆ. ಯಾವುದನ್ನು ಆರಿಸಬೇಕು, ಯಾವಾಗ ಕೊಳ್ಳಬೇಕು, ಸ್ಟಾಪ್‌ಲಾಸ್ (ನಷ್ಟ ಬೆಳೆಯದಂತೆ ಹೊರಬರುವ ಬೆಲೆ) ಎಲ್ಲಿಡಬೇಕು? ಇಳಿಯುವುದೇ ಹೆಚ್ಚು ಎಂದಾದರೆ ಮೊದಲೇ ಶಾರ್ಟ್ ಮಾಡಿದರೆ, ಅಂದರೆ ಮೊದಲು ಮಾರಿ ಇಳಿದ ಮೇಲೆ ಕೊಂಡರೆ, ಆಗದೇ?

ಉತ್ತರ: ಗ್ಯಾಪ್‌ನ ಲಾಭ ನಿಮ್ಮದಲ್ಲ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ನಿನ್ನೆ 500ಕ್ಕೆ ಮುಗಿದ ಷೇರು ಇಂದು 520ಕ್ಕೆ ತೆರೆದರೆ ಆ 20 ರೂಪಾಯಿ ನಿನ್ನೆ ರಾತ್ರಿ ಷೇರು ಇಟ್ಟುಕೊಂಡೇ ಮಲಗಿದವರ ಪಾಲು. ನಿಮ್ಮ ಲೆಕ್ಕ 520ರಿಂದ ಶುರುವಾಗುತ್ತದೆ. ಆ ಹೊತ್ತಿಗೆ ಸುದ್ದಿ ಗೊತ್ತಿದ್ದವರೆಲ್ಲ ಆರ್ಡರ್ ಹಾಕಿ ಮುಗಿಸಿರುತ್ತಾರೆ. ರಾತ್ರಿಯೇ ಹಾಕಿಟ್ಟ ಎಎಂಒ (ಆಫ್ಟರ್ ಮಾರ್ಕೆಟ್) ಆರ್ಡರ್‌ಗಳು, ಏರಿದ ಷೇರುಗಳ ಪಟ್ಟಿ ನೋಡಿ ನುಗ್ಗುವವರು, ನಿಮ್ಮಂತೆ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್) ಒತ್ತುವವರು, ಎಲ್ಲರೂ ಒಂದೇ ನಿಮಿಷದಲ್ಲಿ ಕೊಳ್ಳುವ ಕಡೆ ನಿಲ್ಲುತ್ತಾರೆ. ನಿನ್ನೆ ಮಧ್ಯಾಹ್ನ ಕೊಂಡವರಿಗೂ, ದೊಡ್ಡ ಪ್ರಮಾಣದಲ್ಲಿ ಮಾರಲು ಗಿರಾಕಿ ಕಾಯುತ್ತಿದ್ದ ಫಂಡ್‌ಗಳಿಗೂ ಬೇಕಾದದ್ದು ಇದೇ ಗುಂಪು. ನೀವು ಕೊಂಡದ್ದಕ್ಕೆ ಷೇರು ಇಳಿಯಿತು ಎಂದಲ್ಲ. ಮಾರುವವರಿಗೆ ದಿನದ ಅತ್ಯಂತ ಅನುಕೂಲದ ಗಳಿಗೆಯಲ್ಲಿ ನೀವು ಕೊಂಡಿರಿ, ಅಷ್ಟೇ.

ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2024ರ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಜೂನ್ 1ರ ಶನಿವಾರ ಸಂಜೆ ಬಂದವು. ಸೋಮವಾರ, ಜೂನ್ 3ರಂದು, 22,530ರಲ್ಲಿ ಮುಗಿದಿದ್ದ ನಿಫ್ಟಿ ಸೂಚ್ಯಂಕ ಒಮ್ಮೆಲೇ 23,330 ದಾಟಿ ತೆರೆಯಿತು. ಏರಿಕೆಯೆಲ್ಲ ಆ ತೆರೆದ ಬೆಲೆಯಲ್ಲೇ ಮುಗಿದುಹೋಗಿತ್ತು; ದಿನದ ಗರಿಷ್ಠ ಮಟ್ಟ ಇದ್ದದ್ದೂ ಅಲ್ಲೇ. ಸಂಜೆ ಸುದ್ದಿಯಲ್ಲಿ 'ನಿಫ್ಟಿ 733 ಅಂಶ ಜಿಗಿತ' ಎಂದು ಬಂತು. ಆದರೆ 9:15ಕ್ಕೆ ಕೊಂಡವರು ಅದೇ ದಿನ ನಷ್ಟದಲ್ಲಿದ್ದರು. ಮರುದಿನ ಫಲಿತಾಂಶ ಬಂದಾಗ ಸೂಚ್ಯಂಕ ಶೇ 6ರ ಹತ್ತಿರ ಕುಸಿಯಿತು.

ಇನ್ನೊಂದು 2025ರ ಮೇ 12, ಅದೂ ಸೋಮವಾರವೇ. ಭಾರತ–ಪಾಕಿಸ್ತಾನ ಕದನವಿರಾಮದ ಸುದ್ದಿ ಶನಿವಾರ ಸಂಜೆ ಬಂದಿತ್ತು. 24,008ರಲ್ಲಿ ಮುಗಿದಿದ್ದ ನಿಫ್ಟಿ 24,420ರಲ್ಲಿ ತೆರೆಯಿತು. ಆದರೆ ಅಲ್ಲಿಗೆ ನಿಲ್ಲದೆ 24,924ರವರೆಗೆ ಹೋಗಿ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಅಮೆರಿಕ–ಚೀನಾ ಸುಂಕ ಇಳಿಸಿಕೊಳ್ಳಲು ಒಪ್ಪಿದ ಸುದ್ದಿಯೂ ಸೇರಿಕೊಂಡಿತು. ಎರಡೂ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ನಿಮ್ಮ ಫೋನಿನ ಪರದೆ ಒಂದೇ ಥರ ಕಂಡಿರುತ್ತಿತ್ತು, ಬರೀ ಹಸಿರು. ವ್ಯತ್ಯಾಸ ತಿಳಿದದ್ದು ತೆರೆದ ನಂತರದ ಬೆಲೆಯ ನಡೆಯಲ್ಲಿ. ಅದಕ್ಕೇ ಮೊದಲ 15 ನಿಮಿಷ ಏನನ್ನೂ ಕೊಳ್ಳಬೇಡಿ ಎನ್ನುವುದು. ಆ ಹೊತ್ತಿನಲ್ಲಿ ನೋಡಬೇಕಾದ್ದು ಮಾತ್ರ ತುಂಬ ಇದೆ.

ನೋಡುವ ಕೆಲಸ 9ಕ್ಕೇ ಶುರುವಾಗುತ್ತದೆ. 9ರಿಂದ 9:08ರವರೆಗೆ ಪ್ರೀ-ಓಪನ್ ಎಂಬ ಪೂರ್ವಭಾವಿ ಅವಧಿಯಲ್ಲಿ ಆರ್ಡರ್ ಹಾಕಬಹುದು, ತಿದ್ದಬಹುದು, ರದ್ದೂ ಮಾಡಬಹುದು. ಕೊನೆಯ ನಿಮಿಷದಲ್ಲಿ, 9:07 ಮತ್ತು 9:08ರ ನಡುವೆ ಯಾವ ಕ್ಷಣದಲ್ಲಾದರೂ ಬಾಗಿಲು ಮುಚ್ಚುತ್ತದೆ. ಆಮೇಲೆ ಹೊಂದಾಣಿಕೆ. ಯಾವ ಬೆಲೆಗೆ ಅತಿ ಹೆಚ್ಚು ಷೇರು ಕೈಬದಲಾಗುತ್ತದೋ ಅದೇ ತೆರೆಯುವ ಬೆಲೆ. 9:12ರಿಂದ 9:15ರವರೆಗೆ ಬಿಡುವು. ಆರ್ಡರ್ ರದ್ದು ಮಾಡಲು ಅವಕಾಶ ಇರುವುದರಿಂದ 9:02ಕ್ಕೆ ಕಾಣುವ 'ಶೇ 9 ಏರಿಕೆ'ಗೆ ಬೆಲೆಯೇ ಇಲ್ಲ. 9:08ರ ನಂತರದ ಅಂಕಿಯನ್ನು ನೋಡಿ, ಜೊತೆಗೆ ಎಷ್ಟು ಷೇರು ಹೊಂದಾಣಿಕೆಯಾಯಿತು ಎಂಬುದನ್ನೂ ನೋಡಿ. ಶೇ 4 ಗ್ಯಾಪ್ ಬರೀ ಎರಡು ಸಾವಿರ ಷೇರಿನ ಮೇಲೆ ನಿಂತಿದ್ದರೆ ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಇನ್ನೊಂದು ಸಣ್ಣ ಬಲೆ ಇದೆ. ಪ್ರೀ-ಓಪನ್‌ನಲ್ಲಿ ಹಾಕಿದ ಮಾರ್ಕೆಟ್ ಆರ್ಡರ್ ಪೂರ್ತಿಯಾಗದೆ ಉಳಿದರೆ ಅದು ತೆರೆದ ಬೆಲೆಯ ಲಿಮಿಟ್ ಆರ್ಡರ್ (ಆ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ಮಾತ್ರ ಕೊಳ್ಳುವ ಆರ್ಡರ್) ಆಗಿ 9:15ರ ಸಾಲಿಗೆ ಬಂದು ಕೂರುತ್ತದೆ. ಆಗಲಿಲ್ಲ ಬಿಡು ಎಂದುಕೊಂಡು ಮರೆತವರಿಗೆ ಷೇರು ಇಳಿಯುವಾಗ ಸರಿಯಾಗಿ ಸಿಕ್ಕಿಬಿಡುತ್ತದೆ!

ಇನ್ನು ಯಾವುದನ್ನು ಆರಿಸಬೇಕು ಎಂಬುದು. ಗ್ಯಾಪ್ ಎಷ್ಟು ಎನ್ನುವುದಕ್ಕಿಂತ ಯಾಕೆ ಎನ್ನುವುದು ಮುಖ್ಯ. ಇಡೀ ಮಾರ್ಕೆಟ್ಟೇ ಶೇ 1 ಮೇಲೆ ತೆರೆದ ದಿನ ಶೇ 1.5 ಮೇಲೆ ತೆರೆದ ಷೇರಿನಲ್ಲಿ ಸ್ವಂತದ್ದೇನೂ ಇಲ್ಲ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ವಹಿವಾಟು, ಅಂದರೆ ಗಿಫ್ಟ್ ನಿಫ್ಟಿ, ಬೆಳಿಗ್ಗೆ 6:30ರಿಂದಲೇ ನಡೆಯುತ್ತಿರುತ್ತದೆ. ನಿಫ್ಟಿ ಎಲ್ಲಿ ತೆರೆಯಬಹುದೆಂದು ಅಲ್ಲಿ ನೋಡಿಕೊಂಡು ಆ ಪಾಲನ್ನು ಕಳೆದು ಉಳಿದದ್ದನ್ನು ಮಾತ್ರ ಗ್ಯಾಪ್ ಎಂದು ಎಣಿಸಿ. ಆಮೇಲೆ ಎನ್‌ಎಸ್‌ಇ ಅಥವಾ ಬಿಎಸ್‌ಇ ಜಾಲತಾಣದಲ್ಲಿ ಆ ಕಂಪನಿಯ ಪ್ರಕಟಣೆ ತೆರೆಯಿರಿ. ನಿನ್ನೆ 3:30ರ ನಂತರ ತ್ರೈಮಾಸಿಕ ಫಲಿತಾಂಶ ಬಂದಿದೆಯೇ? ಮುಂದಿನ ವರ್ಷದ ಅಂದಾಜನ್ನು ಕಂಪನಿಯೇ ಏರಿಸಿದೆಯೇ? ಇವು ಗಟ್ಟಿ ಕಾರಣಗಳು, ಯಾಕೆಂದರೆ ದೊಡ್ಡ ಫಂಡ್‌ಗಳು ತಮ್ಮ ಲೆಕ್ಕವನ್ನೇ ಬದಲಿಸಿ ದಿನವಿಡೀ ಕೊಳ್ಳಬೇಕಾಗಿ ಬರುತ್ತದೆ. ಪ್ರಕಟಣೆ ಏನೂ ಇಲ್ಲದೆ ಟೆಲಿಗ್ರಾಂ ಗುಂಪಿನಲ್ಲಿ ಮಾತ್ರ ಹೆಸರು ಓಡಾಡುತ್ತಿದ್ದರೆ, ಅಲ್ಲಿ ಮಾರಲು ಕೂತವರ ಕೈಗೆ ನೀವು ಸಿಗುತ್ತೀರಿ.

ನಮ್ಮೂರಿನ ಷೇರುಗಳಲ್ಲೇ ಎರಡು ಉದಾಹರಣೆ. ಇನ್ಫೋಸಿಸ್ ಮತ್ತು ವಿಪ್ರೋ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಎಡಿಆರ್ (ಇಲ್ಲಿನ ಷೇರನ್ನು ಪ್ರತಿನಿಧಿಸುವ ಡಾಲರ್ ಪತ್ರ) ರೂಪದಲ್ಲಿ ವಹಿವಾಟಾಗುತ್ತವೆ. ಇಲ್ಲಿ ಪೇಟೆ ಮುಚ್ಚಿದ ಮೇಲೆ ಬಂದ ಫಲಿತಾಂಶಕ್ಕೆ ಅಲ್ಲಿ ರಾತ್ರಿಯೇ ಬೆಲೆ ಕಟ್ಟಿ ಆಗಿರುತ್ತದೆ. 2023ರ ಏಪ್ರಿಲ್ 13ರ ಸಂಜೆ ಇನ್ಫೋಸಿಸ್ ಫಲಿತಾಂಶ ಬಂತು, 14 ರಜೆ, ಆಮೇಲೆ ಶನಿವಾರ–ಭಾನುವಾರ. ಎಡಿಆರ್ ಅಷ್ಟರಲ್ಲಿ ಬಿದ್ದಾಗಿತ್ತು. 17ರಂದು ಇಲ್ಲಿ ಷೇರು ದೊಡ್ಡ ಗ್ಯಾಪ್‌ನೊಂದಿಗೆ ಕೆಳಗೆ ತೆರೆದು ಸುಮಾರು ಶೇ 9 ನಷ್ಟದಲ್ಲಿ ಮುಗಿಯಿತು. ಅದು ಗ್ಯಾಪ್ ಡೌನ್, ಆದರೆ ದಾರಿ ಒಂದೇ. ಹಾಗಾಗಿ ಈ ಷೇರುಗಳಲ್ಲಿ ಇಲ್ಲಿ ತೆರೆದ ಬೆಲೆಯನ್ನು ಎಡಿಆರ್ ಮುಗಿದ ಬೆಲೆಯೊಂದಿಗೆ, ಡಾಲರನ್ನು ರೂಪಾಯಿಗೆ ಬದಲಿಸಿ, ಹೋಲಿಸಿ ನೋಡಿ. ಅಲ್ಲಿಗಿಂತ ಇಲ್ಲಿ ಮೇಲೆ ತೆರೆದರೆ ಉತ್ಸಾಹ ಸ್ವಲ್ಪ ಅತಿಯಾಗಿದೆ ಎಂದೇ ಅರ್ಥ.

ಎಚ್‌ಎಎಲ್, ಬಿಇಎಲ್ ಕಥೆ ಬೇರೆ. ಇಲ್ಲಿ ಗ್ಯಾಪ್ ಬರುವುದು ಹೆಚ್ಚಾಗಿ ಆರ್ಡರ್ ಸುದ್ದಿಯಿಂದ. 2025ರ ಸೆಪ್ಟೆಂಬರ್ 25ರಂದು ಎಚ್‌ಎಎಲ್‌ಗೆ 97 ತೇಜಸ್ ಮಾರ್ಕ್-1ಎ ವಿಮಾನಗಳ 62,370 ಕೋಟಿ ರೂಪಾಯಿ ಒಪ್ಪಂದ ಸಿಕ್ಕಿತು. ಅಂಕಿ ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಸಂಪುಟ ಸಮಿತಿ ಆಗಸ್ಟ್‌ನಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಆರ್ಡರ್ ಸುದ್ದಿ ಬಂದಾಗ ಕೇಳಬೇಕಾದ್ದು ಎರಡೇ: ಇದು ಹೊಸ ಸಂಗತಿಯೇ? ಕಂಪನಿಯ ವರ್ಷದ ವಹಿವಾಟಿಗೆ ಹೋಲಿಸಿದರೆ ಎಷ್ಟು ದೊಡ್ಡದು? 20 ಸಾವಿರ ಕೋಟಿ ವಹಿವಾಟಿನ ಕಂಪನಿಗೆ 300 ಕೋಟಿಯ ಆರ್ಡರ್ ಬಂತೆಂದು ಶೇ 3 ಗ್ಯಾಪ್ ಆದರೆ ಅದು ತುಂಬಿಕೊಳ್ಳುವ, ಅಂದರೆ ಬೆಲೆ ನಿನ್ನೆಯ ಮಟ್ಟಕ್ಕೇ ಇಳಿಯುವ, ಸಂಭವವೇ ಹೆಚ್ಚು.

ಸರ್ಕ್ಯೂಟ್ ಮಿತಿ (ಷೇರು ಒಂದು ದಿನದಲ್ಲಿ ಏರಬಹುದಾದ, ಇಳಿಯಬಹುದಾದ ಗರಿಷ್ಠ ಮಿತಿ) ನೋಡದೆ ಗ್ಯಾಪ್ ಷೇರು ಮುಟ್ಟುವುದು ನಿಮ್ಮಂಥವರು ಮಾಡುವ ಅತಿ ದುಬಾರಿ ತಪ್ಪು. ಶೇ 5 ಮಿತಿಯ ಷೇರು 500ರಿಂದ 520ಕ್ಕೆ ತೆರೆದಿದೆ ಎನ್ನಿ. ಮೇಲಿನ ಮಿತಿ 525, ಕೆಳಗಿನದು 475. ನಿಮಗೆ ಸಿಗಬಹುದಾದದ್ದು 5 ರೂಪಾಯಿ, ಹೋಗಬಹುದಾದದ್ದು 45. ಇಂಥ ವ್ಯಾಪಾರಕ್ಕೆ ಯಾವ ಸ್ಟಾಪ್‌ಲಾಸೂ ಅರ್ಥ ತಂದುಕೊಡುವುದಿಲ್ಲ. ಜೊತೆಗೆ ಷೇರು ಎನ್‌ಎಸ್‌ಇಯ ಸಾಮಾನ್ಯ 'ಇಕ್ಯೂ' ಸರಣಿಯಲ್ಲಿದೆಯೇ ನೋಡಿ. 'ಬಿಇ' ಎಂದಿದ್ದರೆ ಟ್ರೇಡ್-ಟು-ಟ್ರೇಡ್, ಅಂದರೆ ಡೆಲಿವರಿ ಕಡ್ಡಾಯ, ಅದೇ ದಿನ ಕೊಂಡು ಮಾರುವ ಆಟ ನಡೆಯುವುದಿಲ್ಲ. ಎಎಸ್‌ಎಂ, ಜಿಎಸ್‌ಎಂ ನಿಗಾ ಪಟ್ಟಿಯಲ್ಲಿದ್ದರೂ ಬಿಟ್ಟುಬಿಡಿ. ನನ್ನ ಕೇಳಿದರೆ, ಮೊದಲ ಒಂದು ವರ್ಷ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಕೊಳ್ಳುವ–ಮಾರುವ ಒಪ್ಪಂದ) ಇರುವ ಷೇರುಗಳ ಆಚೆ ಕಣ್ಣು ಹಾಯಿಸಲೇಬೇಡಿ. ಅವುಗಳಿಗೆ ಸ್ಥಿರ ಮಿತಿ ಇಲ್ಲ, ಶೇ 10ರಿಂದ ಶುರುವಾಗಿ ಅಗತ್ಯಬಿದ್ದಂತೆ ಸರಿಯುವ ಮಿತಿ ಇದೆ. ಕೊಳ್ಳುವ–ಮಾರುವ ಬೆಲೆಗಳ ನಡುವಿನ ಅಂತರವೂ ಪೈಸೆಗಳಲ್ಲೇ ಇರುತ್ತದೆ.

ಈಗ ಕೊಳ್ಳುವ ಸಮಯ. ಅದೇ 500–520ರ ಷೇರು, ಈ ಬಾರಿ ಫ್ಯೂಚರ್ಸ್ ಇರುವಂಥದ್ದು, ಫಲಿತಾಂಶ ಚೆನ್ನಾಗಿ ಬಂದಿದೆ. 9:15ರಿಂದ 9:30ರ ನಡುವೆ ಗರಿಷ್ಠ 524, ಕನಿಷ್ಠ 514 ಎಂದುಕೊಳ್ಳಿ. ಕಾಗದದ ಮೇಲೆ ಈ ಎರಡು ಸಂಖ್ಯೆ ಬರೆದಿಡಿ. ಇದರ ಜೊತೆ ಇನ್ನು ಮೂರು ಸಂಗತಿ ಬೇಕು. ಮೊದಲನೆಯದು 14 ದಿನಗಳ ಎಟಿಆರ್, ಅಂದರೆ ಷೇರು ದಿನಕ್ಕೆ ಸರಾಸರಿ ಎಷ್ಟು ಅಲುಗಾಡುತ್ತದೆ ಎಂಬುದು. ಇಲ್ಲಿ 15 ರೂಪಾಯಿ ಎನ್ನೋಣ. ಮೊದಲ 15 ನಿಮಿಷದ ಹರವು 10 ರೂಪಾಯಿ, ಎಟಿಆರ್‌ಗಿಂತ ಕಡಿಮೆ, ಸರಿ. ಹರವೇ 18 ರೂಪಾಯಿ ಆಗಿಬಿಟ್ಟಿದ್ದರೆ ಅಂದಿನ ಓಟ ಮುಗಿದಿರುವ ಸಾಧ್ಯತೆ ಹೆಚ್ಚು, ಸ್ಟಾಪ್‌ಲಾಸೂ ತೀರಾ ದೂರ ಹೋಗುತ್ತದೆ. ಗ್ಯಾಪ್ ಎಟಿಆರ್‌ಗಿಂತ ದೊಡ್ಡದಾಗಿದ್ದರೆ ತಪ್ಪೇ ಎಂದು ಕೇಳಬಹುದು. ಗಟ್ಟಿ ಸುದ್ದಿ ಇದ್ದರೆ ತಪ್ಪಲ್ಲ, ಯಾಕೆಂದರೆ ಹಳೆಯ ಸರಾಸರಿ ಹಳೆಯ ಸುದ್ದಿಯದ್ದು. ಸುದ್ದಿಯೇ ಇಲ್ಲದೆ ಅಷ್ಟು ಹಾರಿದ್ದರೆ ದೂರ ಇರಿ.

ಎರಡನೆಯದು ವಾಲ್ಯೂಮ್. ಪೇಟೆ ದಿನಕ್ಕೆ 375 ನಿಮಿಷ ನಡೆಯುತ್ತದೆ. 15 ನಿಮಿಷ ಎಂದರೆ ಅದರ ಶೇ 4. ಆದರೆ ಬೆಳಿಗ್ಗೆ ಯಾವಾಗಲೂ ವಹಿವಾಟು ಜಾಸ್ತಿ ಇರುವುದರಿಂದ ಶೇ 4ಕ್ಕೆ ಹೋಲಿಸಿ ಸಂಭ್ರಮಿಸಬೇಡಿ. ಮೊದಲ 15 ನಿಮಿಷದಲ್ಲೇ ಒಂದಿಡೀ ದಿನದ ಸರಾಸರಿಯ ಶೇ 20ರಷ್ಟಾದರೂ ಕೈಬದಲಾಗಿದ್ದರೆ ಗಂಭೀರ ಗಿರಾಕಿಗಳಿದ್ದಾರೆ ಎಂದುಕೊಳ್ಳಬಹುದು. ಇದು ಅಂದಾಜಿನ ಅಳತೆ, ಶಾಸ್ತ್ರವಲ್ಲ. ಮೂರನೆಯದು ವಿವ್ಯಾಪ್ ಗೆರೆ, ಅಂದು ನಡೆದ ಎಲ್ಲ ವಹಿವಾಟಿನ ತೂಕದ ಸರಾಸರಿ ಬೆಲೆ. ಷೇರು ಇದರ ಮೇಲೆ ನಿಂತಿದೆ ಎಂದರೆ ಬೆಳಿಗ್ಗೆಯಿಂದ ಕೊಂಡವರು ಒಟ್ಟಾರೆ ಲಾಭದಲ್ಲಿದ್ದಾರೆ, ಗಾಬರಿಬಿದ್ದು ಮಾರುವುದಿಲ್ಲ. ಕೆಳಗೆ ಜಾರಿದೆ ಎಂದರೆ ಅವರೆಲ್ಲ 'ಹಾಕಿದ್ದು ಬಂದರೆ ಸಾಕು' ಎಂದು ಕಾಯುತ್ತಿರುತ್ತಾರೆ, ಪ್ರತಿ ಏರಿಕೆಯಲ್ಲೂ ಮಾರುತ್ತಾರೆ. ಡೈಲಿ ಚಾರ್ಟನ್ನೂ ಒಮ್ಮೆ ನೋಡಿ: ಮೊನ್ನೆ ತಿಂಗಳು 526–530ರಲ್ಲಿ ಕೊಂಡು ಸಿಕ್ಕಿಹಾಕಿಕೊಂಡವರ ದೊಡ್ಡ ಗುಂಪೊಂದು ತಲೆ ಮೇಲೆ ಕೂತಿದ್ದರೆ ಅದೇ ಮಾತು ಅಲ್ಲಿಗೂ ಅನ್ವಯ.

ಎಲ್ಲ ಸರಿಯಿದ್ದು, 9:30ರ ನಂತರ 524 ದಾಟಿದರೆ 524.50ಕ್ಕೆ ಕೊಳ್ಳಿ. ಮೊದಲು 514 ಮುರಿದರೆ ಅಂದು ಆ ಷೇರು ಬಂದ್. ಸ್ಟಾಪ್‌ಲಾಸ್ 513.50, ಅಂದರೆ ಷೇರಿಗೆ 11 ರೂಪಾಯಿ ಅಪಾಯ. ಎಷ್ಟು ಷೇರು ಕೊಳ್ಳಬೇಕು ಎನ್ನುವುದನ್ನು ಈ 11 ತೀರ್ಮಾನಿಸಬೇಕೇ ಹೊರತು ಬ್ರೋಕರ್ ಕೊಡುವ ಮಾರ್ಜಿನ್ ಅಲ್ಲ. ಒಂದು ವಹಿವಾಟಿನಲ್ಲಿ ಬಂಡವಾಳದ ಶೇ 1, ಅಂದರೆ 1,000 ರೂಪಾಯಿಗಿಂತ ಹೆಚ್ಚು ಕಳೆಯಕೂಡದು ಎಂದಿಟ್ಟುಕೊಂಡರೆ 1,000ವನ್ನು 11ರಿಂದ ಭಾಗಿಸಿ, 90 ಷೇರು. ಬೆಲೆ 47,205 ರೂಪಾಯಿ. ನೋಡಿ, ಮಾರ್ಜಿನ್ ಬೇಕಾಗಲೇ ಇಲ್ಲ! ಐದು ಪಟ್ಟು ಪೂರ್ತಿ ಬಳಸಿದ್ದರೆ 953 ಷೇರು ಬರುತ್ತಿತ್ತು, ಅದೇ ಸ್ಟಾಪ್‌ಲಾಸ್ ತಗುಲಿದರೆ 10,483 ರೂಪಾಯಿ ನಷ್ಟ. ನಿಮ್ಮ ಬಂಡವಾಳದ ಹತ್ತನೇ ಒಂದು ಭಾಗ ಒಂದೇ ಬೆಳಿಗ್ಗೆ ಹೋಯಿತು. ಐದು ಪಟ್ಟು ಎನ್ನುವುದು ಬ್ರೋಕರ್ ಕೊಡಬಹುದಾದ ಗರಿಷ್ಠ ಮಿತಿ, ಬಳಸಲೇಬೇಕಾದ ಕೋಟಾ ಅಲ್ಲ.

ಹೊರಬರುವ ಲೆಕ್ಕ: 535.50 ಮುಟ್ಟಿದಾಗ, ಅಂದರೆ ಅಪಾಯದಷ್ಟೇ ಲಾಭ ಬಂದಾಗ, ಅರ್ಧ ಮಾರಿ ಉಳಿದರ್ಧದ ಸ್ಟಾಪ್‌ಲಾಸನ್ನು ಕೊಂಡ ಬೆಲೆಗೆ ತನ್ನಿ. ಆ ಅರ್ಧವನ್ನು 5 ನಿಮಿಷದ ಕ್ಯಾಂಡಲ್ (ಚಾರ್ಟಿನಲ್ಲಿ ಐದು ನಿಮಿಷದ ಬೆಲೆ ತೋರುವ ಪಟ್ಟಿ) ವಿವ್ಯಾಪ್ ಕೆಳಗೆ ಮುಗಿಯುವವರೆಗೆ ಇಟ್ಟುಕೊಳ್ಳಬಹುದು. ಹತ್ತೂವರೆಯಾದರೂ ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿದ್ದರೆ ಮಾರಿ ಹೊರಬನ್ನಿ. ಗ್ಯಾಪ್‌ನ ಬಿಸಿ ಆರಿದ ಮೇಲೆ ಕಾಯುವುದಕ್ಕೆ ಕಾರಣ ಉಳಿಯುವುದಿಲ್ಲ.

ಮೆಟ್ರೋ ವಿಷಯಕ್ಕೆ ಬರೋಣ. ವಿಜಯನಗರದಿಂದ ಹತ್ತಿದರೆ ನೇರಳೆ ಮಾರ್ಗದಲ್ಲಿ ಸಿಟಿ ರೈಲು ನಿಲ್ದಾಣದಿಂದ ಕಬ್ಬನ್ ಪಾರ್ಕ್‌ವರೆಗೆ ನೆಲದಡಿ. ಅಲ್ಲಿ ಸಿಗ್ನಲ್ ಯಾವಾಗ ಕೈಕೊಡುತ್ತದೆಂದು ಹೇಳಲಾಗದು, ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು ಬೇರೆ. 'ಇಳಿದರೆ ನಾನೇ ಮಾರುತ್ತೇನೆ' ಎನ್ನುವ ಮನಸ್ಸಿನ ಸ್ಟಾಪ್‌ಲಾಸ್ ಸುರಂಗದೊಳಗೆ ಕೆಲಸಕ್ಕೆ ಬಾರದು. ಕೊಂಡ ಆರ್ಡರ್ ಪೂರ್ತಿಯಾದ ಕೂಡಲೇ ಎಸ್‌ಎಲ್ (ಸ್ಟಾಪ್‌ಲಾಸ್) ಆರ್ಡರ್ ಹಾಕಿ, ಅದು ಸ್ವೀಕೃತವಾಗಿ ಆರ್ಡರ್ ಪುಸ್ತಕದಲ್ಲಿ ಕೂತಿದೆಯೇ ಎಂದು ನೋಡಿ. ಕೆಲವು ಬ್ರೋಕರ್‌ಗಳಲ್ಲಿ ಕವರ್ ಆರ್ಡರ್ ಇದೆ, ಕೊಳ್ಳುವುದೂ ಸ್ಟಾಪ್‌ಲಾಸೂ ಒಟ್ಟಿಗೇ ಹೋಗುತ್ತವೆ. ಇದ್ದರೆ ಅದನ್ನೇ ಬಳಸಿ. ಎಸ್‌ಎಲ್ ಆರ್ಡರಿನಲ್ಲಿ ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 513.50, ಲಿಮಿಟ್ (ಮಾರಲು ಒಪ್ಪುವ ಕನಿಷ್ಠ ಬೆಲೆ) 512 ಎಂದು ನಡುವೆ ಸ್ವಲ್ಪ ಜಾಗ ಬಿಡಿ. ಎರಡನ್ನೂ 513.50 ಎಂದೇ ಇಟ್ಟರೆ ಬೆಲೆ ಒಮ್ಮೆಲೇ 513ಕ್ಕೆ ಜಾರಿದಾಗ ಆರ್ಡರ್ ತೆರೆದುಕೊಳ್ಳುತ್ತದೆ, ಆದರೆ ಮಾರಾಟವಾಗುವುದಿಲ್ಲ. ಷೇರು ಇಳಿಯುತ್ತಲೇ ಹೋಗುತ್ತದೆ, ನಿಮ್ಮ ಆರ್ಡರ್ ಮೇಲೆ ನೇತಾಡುತ್ತಿರುತ್ತದೆ. ಇನ್ನೊಂದು: ಕೈಯಾರೆ ಲಾಭಕ್ಕೆ ಮಾರಿದ ಮೇಲೆ ಉಳಿದ ಎಸ್‌ಎಲ್ ಆರ್ಡರನ್ನು ರದ್ದು ಮಾಡಲು ಮರೆತರೆ, ಬೆಲೆ ಅಲ್ಲಿಗೆ ಬಂದಾಗ ಅದೇ ಹೊಸ ಶಾರ್ಟ್ ಆಗಿಬಿಡುತ್ತದೆ. ಎಂಐಎಸ್‌ನಲ್ಲಿ (ಬ್ರೋಕರ್‌ನ ಇಂಟ್ರಾಡೇ ಆರ್ಡರ್ ಬಗೆ) ಉಳಿದದ್ದನ್ನು ಪೇಟೆ ಮುಚ್ಚುವ ಸ್ವಲ್ಪ ಮೊದಲು ಬ್ರೋಕರ್‌ನ ವ್ಯವಸ್ಥೆಯೇ ಸ್ಕ್ವೇರ್ ಆಫ್ ಮಾಡುತ್ತದೆ, ಅಂದರೆ ಮಾರಿ ಅಥವಾ ಕೊಂಡು ಲೆಕ್ಕ ಮುಗಿಸುತ್ತದೆ. ಹಲವರು ಅದಕ್ಕೆ ಪ್ರತ್ಯೇಕ ಶುಲ್ಕ ಹಾಕುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ ನಿಮಗೆ ಪ್ರಯಾಣದ ಹೊತ್ತೇ ಆಗಿದ್ದರೆ ಈ ಬಗೆಯ ಟ್ರೇಡಿಂಗ್ ನಿಮ್ಮ ದಿನಚರಿಗೆ ಹೊಂದುವುದಿಲ್ಲ ಎಂದು ಖಡಾಖಂಡಿತ ಹೇಳಬಹುದು. ಮನೆಯಿಂದ ಕೆಲಸ ಮಾಡುವ ದಿನಗಳಿಗೆ ಮಾತ್ರ ಇಟ್ಟುಕೊಳ್ಳಿ.

ಶಾರ್ಟ್ ಮಾಡಿದರಾಗದೇ ಎಂದಿರಿ. ಆಗುತ್ತದೆ, ಆದರೆ ಕೊಂಡಾಗ ಅನ್ವಯಿಸುವ ನಿಯಮವನ್ನೇ ತಿರುಗಿಸಿ ಹಾಕಿ: ಸುದ್ದಿ ಇಲ್ಲದ ಗ್ಯಾಪ್, ಮೊದಲ 15 ನಿಮಿಷದ ಕನಿಷ್ಠ ಮುರಿದಿರಬೇಕು, ಬೆಲೆ ವಿವ್ಯಾಪ್ ಕೆಳಗಿರಬೇಕು, ಸ್ಟಾಪ್‌ಲಾಸ್ ವಿವ್ಯಾಪ್‌ಗಿಂತ ಸ್ವಲ್ಪ ಮೇಲೆ, ಗುರಿ ನಿನ್ನೆಯ ಮುಕ್ತಾಯದ ಬೆಲೆ. 'ಬಹಳ ಏರಿದೆ, ಇಳಿಯಲೇಬೇಕು' ಎಂದು ತೆರೆದ ಕೂಡಲೇ ಮಾರುವುದು ನೀವು ಈಗ ಮಾಡುತ್ತಿರುವುದರ ಕನ್ನಡಿ ಬಿಂಬ ಅಷ್ಟೇ. ಸ್ಥಿರ ಸರ್ಕ್ಯೂಟ್ ಮಿತಿ ಇರುವ ಷೇರನ್ನಂತೂ ಎಂದೂ ಶಾರ್ಟ್ ಮಾಡಬೇಡಿ. ಅದು ಅಪ್ಪರ್ ಸರ್ಕ್ಯೂಟ್‌ನಲ್ಲಿ ಕೂತರೆ ಮಾರುವವರೇ ಇರುವುದಿಲ್ಲ, ನಿಮಗೆ ವಾಪಸ್ ಕೊಳ್ಳಲು ಸಿಗದು, ಬ್ರೋಕರ್‌ನ ಸ್ಕ್ವೇರ್ ಆಫ್ ಕೂಡ ವಿಫಲ. ಷೇರು ಕೊಡಲಾಗದೆ ವ್ಯವಹಾರ ಹರಾಜಿಗೆ ಹೋಗುತ್ತದೆ, ಅಂದರೆ ವಿನಿಮಯ ಕೇಂದ್ರ ನಿಮ್ಮ ಖರ್ಚಿನಲ್ಲಿ ಬೇರೆಯವರಿಂದ ಆ ಷೇರು ಕೊಳ್ಳಲು ನೋಡುತ್ತದೆ. ಹರಾಜಿನಲ್ಲೂ ಸಿಗದಿದ್ದರೆ ಹಣದಲ್ಲಿ ತೀರಿಸಬೇಕು: ವಹಿವಾಟಿನ ದಿನದಿಂದ ಹರಾಜಿನ ದಿನದವರೆಗಿನ ಗರಿಷ್ಠ ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯ ಬೆಲೆಗಿಂತ ಶೇ 20 ಮೇಲೆ, ಎರಡರಲ್ಲಿ ಹೆಚ್ಚಿನದು. 5 ರೂಪಾಯಿ ಆಸೆಗೆ ನೂರು ರೂಪಾಯಿ ದಂಡ ತೆತ್ತಂತೆ.

ಖರ್ಚಿನ ಲೆಕ್ಕ ಬಹಳ ಜನ ಹಾಕುವುದೇ ಇಲ್ಲ. ಒಂದು ಲಕ್ಷಕ್ಕೆ ಕೊಂಡು 1,01,000ಕ್ಕೆ ಮಾರಿದಿರಿ ಎನ್ನಿ. ಡಿಸ್ಕೌಂಟ್ ಬ್ರೋಕರ್‌ನ ದಲ್ಲಾಳಿ 20ರಂತೆ ಎರಡು ಸಲ, 40. ಮಾರಿದ ಮೊತ್ತದ ಮೇಲೆ ಶೇ 0.025 ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), 25. ವಿನಿಮಯ ಕೇಂದ್ರದ ಶುಲ್ಕ ಸುಮಾರು 6, ಕೊಂಡದ್ದರ ಮೇಲೆ ಮುದ್ರಾಂಕ ಶುಲ್ಕ 3, ದಲ್ಲಾಳಿ ಮತ್ತು ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ 8ಕ್ಕಿಂತ ತುಸು ಹೆಚ್ಚು. ಒಟ್ಟು 83 ರೂಪಾಯಿ ಹತ್ತಿರ. ಮೇಲಿನ 90 ಷೇರಿನ ಉದಾಹರಣೆಯಲ್ಲಿ ಇದು ಬ್ರೋಕರ್‌ನ ದಲ್ಲಾಳಿ ದರಕ್ಕೆ ತಕ್ಕಂತೆ ಸುಮಾರು 50ರಿಂದ 65. ದಿನಕ್ಕೆ ಒಂದು ವಹಿವಾಟಾದರೆ ಪರವಾಗಿಲ್ಲ. ದಿನಕ್ಕೆ ಆರಾದರೆ ತಿಂಗಳಿಗೆ ಎಷ್ಟು ಎಂದು ನೀವೇ ಗುಣಿಸಿ ನೋಡಿ. ಷೇರುಪೇಟೆ ನಿಯಂತ್ರಕ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022–23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ವ್ಯಕ್ತಿಗಳಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟದಲ್ಲಿದ್ದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ನಷ್ಟವಾದವರು ಶೇ 80. ನಷ್ಟ ಮಾಡಿಕೊಂಡವರು ಆ ನಷ್ಟದ ಮೇಲೆ ಅದರ ಶೇ 57ರಷ್ಟನ್ನು ವಹಿವಾಟಿನ ಖರ್ಚಿಗೇ ತೆತ್ತಿದ್ದರು. ಹಾಗಾಗಿ ವಾರಕ್ಕೆ ಎರಡೋ ಮೂರೋ ಗ್ಯಾಪ್ ಮಾತ್ರ ನಿಮ್ಮ ಜರಡಿಯಲ್ಲಿ ಉಳಿದರೆ ಬೇಸರ ಬೇಡ, ಜರಡಿ ಸರಿಯಾಗಿದೆ.

ತೆರಿಗೆ ವಿಷಯ ನೀವು ಕೇಳಿಲ್ಲ, ಆದರೂ ಸಂಬಳದವರಾದ್ದರಿಂದ ಹೇಳಬೇಕು. ಇಂಟ್ರಾಡೇ ಲಾಭ ಸ್ಪೆಕ್ಯುಲೇಟಿವ್ ವ್ಯವಹಾರದ ಆದಾಯ. ಸಂಬಳದ ಜೊತೆ ಸೇರಿ ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ ಬೀಳುತ್ತದೆ. ನಷ್ಟವಾದರೆ ಅದನ್ನು ಸಂಬಳದಿಂದಲೋ ಮ್ಯೂಚುವಲ್ ಫಂಡ್ ಲಾಭದಿಂದಲೋ ಕಳೆಯುವಂತಿಲ್ಲ, ಇನ್ನೊಂದು ಸ್ಪೆಕ್ಯುಲೇಟಿವ್ ಲಾಭದಿಂದ ಮಾತ್ರ. ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿದರೆ ಮಾತ್ರ. ಫಾರಂ ಐಟಿಆರ್-3; ಪ್ರತಿ ವರ್ಷದಂತೆ ಐಟಿಆರ್-1 ತುಂಬಿ ಮುಗಿಸುವಂತಿಲ್ಲ. ಬ್ರೋಕರ್‌ನ ಟ್ಯಾಕ್ಸ್ ಪಿ ಅಂಡ್ ಎಲ್ (ಲಾಭ–ನಷ್ಟ) ವರದಿಯಲ್ಲಿ ಇಂಟ್ರಾಡೇ ಭಾಗ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಇಳಿಸಿಕೊಂಡು ಲೆಕ್ಕಪರಿಶೋಧಕರಿಗೆ ಕೊಡಿ.